ಅಜ್ಜನ ಬಂದೂಕಿನ ಆಲ್ಟರೇಷನ್

ಸೆಪ್ಟೆಂಬರ್ 2, ಸೋಮವಾರ

ಇವತ್ತೂ ನಿಂತೆ, ಕೂತೆ. ನಡುವೆ ಏನೂ ಆಗಲಿಲ್ಲ.

ಕಾಂಟ್ರ್ಯಾಕ್ಟ್ ಕ್ಲಾಸಿನಲ್ಲಿ ಲೆಕ್ಚರರ್ ನನ್ನ ಕಡೆ ಸೀಮೆಸುಣ್ಣ ತೋರಿಸಿ, "ಒಪ್ಪಂದ ಯಾವಾಗ ಒಪ್ಪಂದ ಆಗುತ್ತೆ, ಹೇಳಿ ನೋಡೋಣ" ಎಂದರು. ನನಗೆ ಉತ್ತರ ಗೊತ್ತಿತ್ತು. ಇಂಗ್ಲಿಷಿನಲ್ಲೂ ಗೊತ್ತಿತ್ತು, ಕನ್ನಡದಲ್ಲೂ ಗೊತ್ತಿತ್ತು. ಎರಡೂ ಒಟ್ಟಿಗೆ ಬಾಯಿಯ ಹತ್ತಿರ ಓಡಿಬಂದು ನೀನು ಮುಂದೆ ಹೋಗು, ನೀನು ಮುಂದೆ ಹೋಗು ಎಂದು ಮರ್ಯಾದೆ ಮಾಡುತ್ತ ಅಲ್ಲೇ ನಿಂತುಬಿಟ್ಟವು. ನಾನು ಅವರನ್ನೇ ದಿಟ್ಟಿಸಿ ನೋಡುತ್ತಿದ್ದೆನಂತೆ. "ಇಂಟರ್ನಲ್ ಮಾರ್ಕ್ಸು ಬಾಯಿಗೆ ಕೊಡೋದು ರೀ, ಕಣ್ಣಿಗಲ್ಲ" ಎಂದರು. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಯಾಕೆ ನಕ್ಕೆನೋ!

ಹತ್ತನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಅಲ್ಲಿ ಮಾತಾಡಿದರೆ ಫೈನು, ಕನ್ನಡದಲ್ಲಿ ಮಾತಾಡಿದರೆ ಡಬಲ್ ಫೈನು. ಈಗ ಲಾ ಕಾಲೇಜು ಅಜ್ಜನ ಊರಿನಲ್ಲಿ ಸಿಕ್ಕಿರುವುದರಿಂದ ಅಮ್ಮನ ತವರಿನಲ್ಲಿದ್ದೇನೆ. ಕೆಳಗೆ ಟೈಲರ್ ಅಂಗಡಿ, ಮೇಲೆ ಮನೆ. ಅಂಗಡಿಯನ್ನು ಈಗ ಮಾಮ ನೋಡಿಕೊಳ್ಳುತ್ತಾನೆ. ಅಜ್ಜ ರಿಟೈರ್ಡ್. ಅಂದರೆ, ಮಾಮ ಕತ್ತರಿಸಿದ್ದನ್ನೆಲ್ಲ ಓರೆ ಎನ್ನುವುದೇ ಅವರ ಫುಲ್ ಟೈಮ್ ಕೆಲಸ. ಈ ಡೈರಿ ಕೊಟ್ಟವಳು ಅತ್ತೆ. "ಮಾತನ್ನ ಹೊಟ್ಟೆಯಲ್ಲೇ ಇಟ್ಕೊಂಡ್ರೆ ಗ್ಯಾಸ್ ಆಗುತ್ತೆ ಪುಟ್ಟಿ. ಬರೆದಾದ್ರೂ ಹಾಕು."

ಸಂಜೆ ಬ್ಯಾಗ್ ಇಳಿಸುವ ಮೊದಲೇ ಅಜ್ಜ, "ಬಾ ಲಾಯರಮ್ಮ, ನಿನಗೊಂದು ಕೇಸು ಬಂದಿದೆ" ಎಂದರು. ಏನೆಂದರೆ, ನಾನು ಮಲಗುವ ಕೋಣೆಯ ಬೀರುವಿನಲ್ಲಿ, ಹಳೇ ಕೋಟುಗಳ ಹಿಂದೆ, ಒಂದು ಬಂದೂಕು ನಿಂತಿದೆ! ಬಟ್ಟೆಯಲ್ಲಿ ಸುತ್ತಿಟ್ಟಿದ್ದಾರೆ. ನಾನು ಅದನ್ನು ಛತ್ರಿ ಎಂದುಕೊಂಡು ಎರಡು ತಿಂಗಳಿಂದ ಅದಕ್ಕೆ ಟವೆಲ್ ನೇತುಹಾಕುತ್ತಿದ್ದೇನೆ.

ಎಂದೋ ಅಜ್ಜನ ಹತ್ತಿರ ಯೂನಿಫಾರ್ಮ್ ಹೊಲಿಸುತ್ತಿದ್ದ ಮಿಲಿಟರಿ ಅಧಿಕಾರಿಯೊಬ್ಬರು ಊರು ಬಿಡುವಾಗ ಮಾರಿದ್ದಂತೆ. ಲೈಸೆನ್ಸ್ ಇದೆ. "ನಿಮಗ್ಯಾಕೆ ಅಜ್ಜ ಬಂದೂಕು?" ಎಂದೆ. "ಫಿನಿಶಿಂಗ್ ಚೆನ್ನಾಗಿತ್ತು" ಎಂದರು. ಒಂದೇ ಒಂದು ಸಲ ಹಾರಿಸಿದ್ದಾರೆ. ಗುರಿ ಇಟ್ಟಿದ್ದು ಮಾವಿನಕಾಯಿಗೆ, ಬಿದ್ದದ್ದು ಪಕ್ಕದ ಮನೆಯ ನೀರಿನ ಟ್ಯಾಂಕು.

ಈಗ ಲೈಸೆನ್ಸ್ ರಿನ್ಯೂ ಮಾಡಲು ಕಣ್ಣಿನ ಸರ್ಟಿಫಿಕೇಟ್ ಬೇಕು. ಅಜ್ಜ ಇತ್ತೀಚೆಗೆ ಸೂಜಿಯ ಪಕ್ಕದ ಗಾಳಿಗೆ ದಾರ ಪೋಣಿಸುತ್ತಿದ್ದಾರೆ. ಅದಕ್ಕೇ ಮಾರಿಬಿಡುವ ಪ್ಲ್ಯಾನು. ಕಾನೂನು ಏನು ಹೇಳುತ್ತದೆ ಎಂದು ನಾನು ನೋಡಿ ಹೇಳಬೇಕಂತೆ.

"ಅಜ್ಜ, ನಾನಿನ್ನೂ ಫಸ್ಟ್ ಇಯರ್. ನಮಗೆ ಇದೆಲ್ಲ ಪಾಠ ಮಾಡಿಲ್ಲ."

"ನಾನು ಮೊದಲನೇ ಕೋಟು ಹೊಲಿದಾಗ ನನಗೂ ಯಾರೂ ಪಾಠ ಮಾಡಿರಲಿಲ್ಲ. ಗಿರಾಕಿ ಹಾಕ್ಕೊಂಡು ಹೋದ."

ಮಾಮ ಕೆಳಗಿನಿಂದ ಕೂಗಿದ: "ವಾಪಸ್ಸೂ ಬಂದ, ಅಪ್ಪ!"

ಸೆಪ್ಟೆಂಬರ್ 4, ಬುಧವಾರ

ಕ್ಲಾಸ್ ತಪ್ಪಿಸಿ ಲೈಬ್ರರಿಯಲ್ಲಿ ಕೂತೆ. ಹೆದರಿಕೆಯಿಂದಲೇ ತಪ್ಪಿಸಿದ್ದು, ಆದರೆ ಅಜ್ಜನ ಕೇಸು ಎಂಬ ನೆಪ ಇತ್ತು.

ಬೇಸಿಕಲಿ, ಕಾನೂನಿನ ಕಣ್ಣಿಗೆ ಬಂದೂಕು ಎಂಬ ಒಂದು ವಸ್ತು ಇಲ್ಲವೇ ಇಲ್ಲ. ವರ್ಗಗಳಿವೆ. ಎಷ್ಟು ಜೋರಾಗಿ ಢಂ ಅನ್ನುತ್ತದೆ ಎಂಬುದನ್ನು ಯಾರೂ ಕೇಳುವುದಿಲ್ಲ. ನಳಿಕೆ ಎಷ್ಟು ಉದ್ದ, ಅದರ ಒಳಮೈ ನುಣುಪೋ ಇಲ್ಲ ಸುರುಳಿ ಗೆರೆ ಕೊರೆದಿದೆಯೋ, ಒಂದು ಸಲ ಕುದುರೆ ಎಳೆದರೆ ಒಂದು ಗುಂಡೋ ಹತ್ತೋ ಎಂದು ಕೇಳುತ್ತಾರೆ. (ಟ್ರಿಗರಿಗೆ ಕುದುರೆ ಎನ್ನುತ್ತಾರೆಂದು ತಿಳಿಯುವವರೆಗೆ ನಾನು ಮೂರು ಪುಟ ಅಶ್ವದಳದ ಬಗ್ಗೆ ಓದುತ್ತಿದ್ದೇನೆ ಎಂದುಕೊಂಡಿದ್ದೆ.)

ಕುದುರೆ ಒತ್ತಿ ಹಿಡಿದರೆ ನಿಲ್ಲದೆ ಹಾರುವಂಥವು ಒಂದನೇ ವರ್ಗ. ನಮ್ಮಂಥವರು ಕೊಳ್ಳುವುದಿರಲಿ, ಮುಟ್ಟುವಂತೆಯೂ ಇಲ್ಲ. ಪಿಸ್ತೂಲು, ರೈಫಲ್ಲು ಎರಡನೇ ವರ್ಗ. ಲೈಸೆನ್ಸಿನ ಜೊತೆಗೆ ಗಟ್ಟಿಯಾದ ಕಾರಣವೂ ಬೇಕು. ಒಳಗೆ ನುಣುಪಾಗಿದ್ದು ನಳಿಕೆ ಉದ್ದವಾಗಿದ್ದರೆ ಮೂರನೇ ವರ್ಗ, ಲೈಸೆನ್ಸ್ ಇದ್ದವರು ಕೊಳ್ಳಬಹುದು, ಮಾರಬಹುದು. ನಳಿಕೆಯ ಬಾಯಿಯಿಂದ ಮದ್ದು ತುಂಬುವ ಹಳೇ ಕಾಲದವು ನಾಲ್ಕನೆಯದು. ಗಾಳಿ ಬಂದೂಕು ಐದನೆಯದು, ಗುರುತಿನ ಚೀಟಿ ತೋರಿಸಿ ತರಬಹುದು.

ಅಜ್ಜನದು ಮೂರನೇ ವರ್ಗ. ಸಿಂಪಲ್. ಅಜ್ಜನಿಗೆ ಹೇಳಿದೆ. "ಥರ್ಡ್ ಕ್ಲಾಸಾ?" ಎಂದು ಮುಖ ಸಣ್ಣಗೆ ಮಾಡಿಕೊಂಡರು.

ಸೆಪ್ಟೆಂಬರ್ 5, ಗುರುವಾರ

ಇದು ನಿಲ್ಲುತ್ತಲೇ ಇಲ್ಲ. ಯಾರನ್ನು ನೋಡಿದರೂ ಯಾವ ವರ್ಗ ಎಂದೇ ತಲೆ ಓಡುತ್ತದೆ.

ಹಾಸ್ಟೆಲ್ ವಾರ್ಡನ್ ನಿಸ್ಸಂದೇಹವಾಗಿ ಒಂದನೇ ವರ್ಗ. ಲೆಕ್ಚರರ್ ಎರಡು: ಗಿಡ್ಡ, ಗುರಿ ತಪ್ಪುವುದಿಲ್ಲ, ವಿಶೇಷ ಕಾರಣವಿಲ್ಲದೆ ಹತ್ತಿರ ಹೋಗಬಾರದು. ಮಾಮ ನಾಲ್ಕು. ಬೆಳಿಗ್ಗೆ ಅಂದಿದ್ದಕ್ಕೆ ಮಧ್ಯಾಹ್ನ ಸಿಟ್ಟು ಬರುತ್ತದೆ. ಬಂದಾಗ ಒಂದೇ ಢಂ, ಮನೆ ತುಂಬ ಹೊಗೆ, ಯಾರಿಗೂ ಏನೂ ಆಗಿರುವುದಿಲ್ಲ. ಅತ್ತೆ ಗಾಳಿ ಬಂದೂಕು. ಸದ್ದೇ ಇಲ್ಲ, ನೆಟ್ಟಗೆ ಕಣ್ಣಿಗೇ.

ನಾನು ಎಲ್ಲಿದ್ದೇನೆ ಎಂದು ಹುಡುಕಿದೆ. ಕೊನೆಯ ಪುಟದಲ್ಲಿ ಸಿಕ್ಕಿದೆ: "ನೋಡಲು ಬಂದೂಕಿನಂತಿದ್ದು ಏನನ್ನೂ ಹಾರಿಸಲಾರದ ಪ್ರತಿಕೃತಿ." ಕೊಳ್ಳಲು ಯಾವ ನಿರ್ಬಂಧವೂ ಇಲ್ಲವಂತೆ. ಥ್ಯಾಂಕ್ಸ್.

ಸೆಪ್ಟೆಂಬರ್ 7, ಶನಿವಾರ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಬಂದೂಕಿನ ಅಂಗಡಿಯವರು ಬಂದಿದ್ದರು. ಅವರಿಗೆ ಊರಲ್ಲಿ ಡಬಲ್ ಬ್ಯಾರೆಲ್ ಎಂದು ಹೆಸರು, ಎಲ್ಲವನ್ನೂ ಎರಡೆರಡು ಸಲ ಹೇಳುತ್ತಾರೆ. ಅಜ್ಜ ಮಗುವನ್ನು ಕೊಡುವ ಹಾಗೆ ಬಂದೂಕನ್ನು ಅವರ ಕೈಗೆ ಕೊಟ್ಟರು. ಅವರು ಬಟ್ಟೆ ಬಿಚ್ಚಿದರು. ನೋಡಿದರು. ಬಟ್ಟೆಯನ್ನು ಮತ್ತೆ ಮುಚ್ಚಿದರು.

"ಯಜಮಾನ್ರೇ, ಇದರ ನಳಿಕೆ ಎಲ್ಲಿ? ನಳಿಕೆ ಎಲ್ಲಿ?"

"ಅಲ್ಲೇ ಇದೆಯಲ್ಲ."

"ಮಿಕ್ಕಿದ್ದು ಎಲ್ಲಿ ಅಂತ. ಮಿಕ್ಕಿದ್ದು."

"ಓ, ಅದಾ," ಎಂದರು ಅಜ್ಜ ಬಹಳ ಸಂತೋಷದಿಂದ. "ಸ್ವಲ್ಪ ಆಲ್ಟರ್ ಮಾಡಿದೆ. ಬೀರು ಬಾಗಿಲು ಹಾಕೋಕೆ ಆಗ್ತಿರಲಿಲ್ಲ. ಐದಿಂಚು ತೆಗೆದೆ, ಸರಿಹೋಯ್ತು. ಅಂಚು ಮುಟ್ಟಿ ನೋಡಿ, ಎಲ್ಲಾದ್ರೂ ಚುಚ್ಚುತ್ತಾ?"

ನಲವತ್ತು ವರ್ಷದಿಂದ ಪ್ಯಾಂಟು, ತೋಳು, ಪರದೆ ಎಲ್ಲವನ್ನೂ ಗಿಡ್ಡ ಮಾಡಿದ ಕೈ. ಬಂದೂಕು ಉದ್ದವಾಯಿತು, ಗಿಡ್ಡ ಮಾಡಿದರು! ರಿನ್ಯೂ ಮಾಡುವಾಗಲೆಲ್ಲ ಅಧಿಕಾರಿಗಳು ಬಂದೂಕಿನ ಮೈಮೇಲಿನ ನಂಬರ್ ನೋಡಿ ಸೀಲು ಹೊಡೆದರೇ ಹೊರತು ಉದ್ದ ಯಾರೂ ಅಳೆದಿರಲಿಲ್ಲ. ಮಾಮ ಕತ್ತಿನಲ್ಲಿದ್ದ ಟೇಪು ತೆಗೆದು ಹಿಡಿದ. ಹದಿನೇಳೂವರೆ. ಇಪ್ಪತ್ತು ಇಂಚಿಗಿಂತ ಕಡಿಮೆಯಾದರೆ ನೇರ ಒಂದನೇ ವರ್ಗ. ಕೋಟಿನೊಳಗೆ ಬಚ್ಚಿಟ್ಟುಕೊಂಡು ಹೋಗಬಹುದು ಎಂಬ ಕಾರಣಕ್ಕೆ. ಆ ಸಾಲನ್ನು ನಾನು ಓದಿದ್ದೆ. ನಮ್ಮ ಬೀರುವಿಗೆ ಸಂಬಂಧಪಟ್ಟಿದ್ದು ಎಂದು ಅನ್ನಿಸಿರಲಿಲ್ಲ, ಅಷ್ಟೇ.

"ಫಸ್ಟ್ ಕ್ಲಾಸಾ?" ಅಜ್ಜನ ಮುಖ ಅರಳಿತು. "ಹಾಗಾದ್ರೆ ರೇಟು ಜಾಸ್ತಿ ಆಗ್ಬೇಕಲ್ಲ!"

"ಜೈಲು ಆಗುತ್ತೆ, ಯಜಮಾನ್ರೇ. ಜೈಲು."

ಡಬಲ್ ಬ್ಯಾರೆಲ್ ಕೆಟ್ಟವರಲ್ಲ. ಕಣ್ಣಿಗೆ ಬಿದ್ದದ್ದನ್ನು ಪೊಲೀಸರಿಗೆ ತಿಳಿಸದಿದ್ದರೆ ಅವರ ಅಂಗಡಿಯ ಲೈಸೆನ್ಸೇ ಹೋಗುತ್ತದೆ. ಮಂಗಳವಾರ ತಿಳಿಸುತ್ತಾರಂತೆ. "ಅದಕ್ಕೆ ಮುಂಚೆ ನೀವೇ ಹೋದ್ರೆ ಒಳ್ಳೇದು. ನೀವೇ ಹೋದ್ರೆ." ಹೊರಡುವಾಗ ನನ್ನನ್ನು ನೋಡಿ, "ಮನೆಯಲ್ಲೇ ವಕೀಲರು ಇದ್ದಾರಲ್ಲ" ಎಂದರು. ಒಂದೇ ಸಲ ಹೇಳಿದರು. ಅದಕ್ಕೇ ಭಯ ಆಯಿತು.

ಸೆಪ್ಟೆಂಬರ್ 8, ಭಾನುವಾರ

ಬೆಳಿಗ್ಗೆ ಅಡುಗೆಮನೆಯಲ್ಲಿ ಸಭೆ. ಅತ್ತೆಯ ಸಲಹೆ: ಕೆರೆಗೆ ಎಸೆಯುವುದು. ಮಾಮನ ಸಲಹೆ: ವೆಲ್ಡಿಂಗ್ ಅಂಗಡಿಯವನ ಹತ್ತಿರ ಐದಿಂಚು ಪೈಪು ಜೋಡಿಸುವುದು. ಅಜ್ಜನಿಗೆ ಇದು ಹಿಡಿಸಿತು, ಆದರೆ ಜಾಯಿಂಟು ಕಾಣಿಸಬಾರದಂತೆ. ನಾನು "ಎಸೆದರೆ ಇನ್ನೊಂದು ಅಪರಾಧ, ಜೋಡಿಸಿದರೆ ಮತ್ತೊಂದು" ಎಂದೆ. ಪುಸ್ತಕದಲ್ಲಿ ಇರುವುದನ್ನೇ ಹೇಳಿದ್ದು. ಮೂವರೂ ನನ್ನನ್ನು ನೋಡಿದರು. ನನ್ನ ಮುಖಕ್ಕೆ ಏನಾದರೂ ಅಂಟಿತ್ತೇನೋ.

ಮೂರು ಸಲ ಓದಿದ ಮೇಲೆ ಗೊತ್ತಾಗಿದ್ದು ಇಷ್ಟು. ಇಟ್ಟುಕೊಂಡವರು ತಾವಾಗಿ ಹೋಗಿ ಒಪ್ಪಿಸಿದರೆ ಇಟ್ಟುಕೊಂಡ ತಪ್ಪಿಗೆ ಶಿಕ್ಷೆ ಇಲ್ಲ. ಆದರೆ ಕತ್ತರಿಸಿದವರಿಗೆ ಆ ರಿಯಾಯಿತಿ ಇಲ್ಲ, ಎಷ್ಟು ವರ್ಷವಾಗಿದ್ದರೂ. ಇನ್ನೊಂದು ಕಡೆ, ಯಾರೂ ತಮ್ಮ ವಿರುದ್ಧ ತಾವೇ ಸಾಕ್ಷಿ ಹೇಳಬೇಕಾಗಿಲ್ಲ. ಅಂದರೆ ಸುಳ್ಳು ಹೇಳುವ ಹಾಗಿಲ್ಲ, ಸುಮ್ಮನಿರಬಹುದು.

ಡಬಲ್ ಬ್ಯಾರೆಲ್‌ಗೆ ಅಜ್ಜ ತಾವೇ ಕತ್ತರಿಸಿದ್ದೆಂದು ಹೇಳಿಬಿಟ್ಟಿದ್ದಾರಲ್ಲ ಎಂದು ಅವರಿಗೆ ಫೋನ್ ಮಾಡಿದೆ. ನಾನೇ ಮಾಡಿದೆ. "ನಾನು ನೋಡಿದ್ದು ಬರೀತೀನಮ್ಮ, ನೋಡಿದ್ದು. ನನಗೆ ಈ ನಡುವೆ ಕಿವಿ ಕೇಳಲ್ಲ, ಕಿವಿ ಕೇಳಲ್ಲ" ಎಂದರು. ಫೋನಿನಲ್ಲಿ ಎಲ್ಲ ಚೆನ್ನಾಗಿ ಕೇಳಿಸುತ್ತಿತ್ತು.

ಹಾಗಾಗಿ ಅಜ್ಜ ನಾಳೆ ಒಂದೇ ಒಂದು ಪ್ರಶ್ನೆಗೆ ಸುಮ್ಮನಿದ್ದರೆ ಸಾಕು. ಪ್ರಪಂಚದಲ್ಲಿ ನನಗೆ ಬಹಳ ಸುಲಭವಾದ ಕೆಲಸ ಅದು. ಅಜ್ಜನಿಗೆ ಕಲಿಸಲು ಇಡೀ ಮಧ್ಯಾಹ್ನ ಹಿಡಿಯಿತು. ಅತ್ತೆ ಇನ್‌ಸ್ಪೆಕ್ಟರ್ ಆದಳು.

"ಏಯ್ ಮುದುಕಪ್ಪ! ಯಾರೋ ಇದನ್ನ ಕತ್ತರಿಸಿದ್ದು?"

"ನೀನು ಮಾವನ ಹತ್ರ ಹೀಗೆ ಮಾತಾಡ್ತೀಯೇನೆ?"

"ನಾನೀಗ ಸೊಸೆ ಅಲ್ಲ, ಪೊಲೀಸು. ಬೊಗಳು!"

"ಅಜ್ಜ, ಸುಮ್ನೆ ಇರ್ಬೇಕು."

"ಸುಮ್ನೇ ಇದೀನಲ್ಲ. ಕತ್ತರಿಸಿದ್ದು ನಾನೇ ಅಂತ ಹೇಳಿದ್ನಾ ಇವಳಿಗೆ?"

ಹೀಗೇ ಹನ್ನೊಂದು ಸಲ. ಅತ್ತೆಗೆ ಮಾತ್ರ ಸಾಕೆನಿಸಲೇ ಇಲ್ಲ. ಎಷ್ಟೋ ವರ್ಷದಿಂದ ಕಾದಿದ್ದವಳ ಹಾಗೆ ಬೈದಳು.

ಸೆಪ್ಟೆಂಬರ್ 9, ಸೋಮವಾರ

ಮುಗಿಯಿತು. ಆಗಿದ್ದು ಆದ ಹಾಗೆ ಬರೆಯುತ್ತೇನೆ, ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಬಂದೂಕನ್ನು ಸೂಟಿನ ಕವರಿನಲ್ಲಿ ಹಾಕಿ ಜಿಪ್ ಎಳೆದು ಒಯ್ದೆವು. ಆಟೋದವನು "ಮದುವೆನಾ ಸಾರ್?" ಎಂದ. ಅಜ್ಜ ಹೌದೆಂದರು. ಠಾಣೆಯ ಬಾಗಿಲಲ್ಲಿ ನಾನು ನಿಂತುಬಿಟ್ಟೆ. ವಾಪಸ್ ಹೋಗೋಣ ಎನ್ನಲು ತಿರುಗಿದರೆ ಅಜ್ಜ ಆಗಲೇ ಒಳಗೆ ಹೋಗಿ ಪೇದೆಯೊಬ್ಬರ ಕಾಲರ್ ಸರಿಯಾಗಿ ಕೂತಿಲ್ಲ ಎಂದು ಹೇಳುತ್ತಿದ್ದರು.

ಇನ್‌ಸ್ಪೆಕ್ಟರ್ ಹೆಂಗಸು. ಮೂಗಿನ ತುದಿಯಲ್ಲಿ ಕನ್ನಡಕ, ದನಿ ಜೇನು. ಅತ್ತೆಯ ಹಾಗೆ ಬೈಯುತ್ತಾರೆ ಎಂದು ನಾವು ತಯಾರಾಗಿ ಹೋಗಿದ್ದೆವು, ಇವರು ಅಜ್ಜನಿಗೆ ಕುರ್ಚಿ ಹಾಕಿಸಿದರು. ನಾನು ಅರ್ಜಿ ಕೊಟ್ಟೆ. ನನಗೆ ಕುರ್ಚಿ ಇರಲಿಲ್ಲ. ಅವರು ಓದಿದರು, ಜಿಪ್ ಎಳೆದರು, ಅಳೆದರು.

"ತಾವಾಗಿ ತಂದಿದೀರಿ, ಸಂತೋಷ. ಅಲ್ಲಾ ಯಜಮಾನ್ರೇ, ಇದನ್ನ ಗಿಡ್ಡ ಮಾಡಿದ್ದು ಯಾರು?"

ಅಜ್ಜ ಬಾಯಿ ತೆರೆದರು.

"ಅಜ್ಜ!"

ಅದು ನಾನು. ಆಚೆ ಕೋಣೆಯಲ್ಲಿ ಯಾರೋ ಲೋಟ ಬೀಳಿಸಿದರು. "ಮೇಡಂ, ಆ ಪ್ರಶ್ನೆಗೆ ಅವರು ಉತ್ತರ ಕೊಡಲ್ಲ. ಕೊಡಬೇಕಾಗಿಲ್ಲ" ಎಂದೆ. ಸೆಕ್ಷನ್ ನಂಬರನ್ನೂ ಹೇಳಿದೆ.

ಮೇಡಂ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಆಮೇಲೆ ಅಜ್ಜನನ್ನು. ಅಜ್ಜನ ಕತ್ತಿನಲ್ಲಿದ್ದ ಟೇಪನ್ನೂ ನೋಡಿದರು. ಅಯ್ಯೋ, ಟೇಪು ಹಾಗೇ ಹಾಕಿಕೊಂಡು ಬಂದಿದ್ದರು!

"ಆಯ್ತಮ್ಮ. ಕೇಳಲ್ಲ." ನಳಿಕೆಯ ತುದಿಯನ್ನು ಬೆರಳಿನಿಂದ ಸವರಿದರು. "ಆದರೂ ಹೇಳ್ಬೇಕು, ಎಂಥ ಕೈ! ಎಲ್ಲೂ ಒಂದು ಗೀರಿಲ್ಲ. ಈಗಿನ ಕಾಲದಲ್ಲಿ ಇಂಥ ಕೆಲಸಗಾರರು ಎಲ್ಲಿದ್ದಾರೆ, ಅಲ್ವಾ ಯಜಮಾನ್ರೇ?"

ಅಜ್ಜನ ಎದೆ ಉಬ್ಬಿತು. ಕಿವಿ ಕೆಂಪಾಯಿತು. ತುಟಿ ಅಲುಗಿತು.

"ಅಜ್ಜ, ಹೊಗಳೋದೂ ಪ್ರಶ್ನೆನೇ. ಮೇಡಂ, ಇದು ಸರಿಯಲ್ಲ. ಬೇರೆ ದಾರಿಯಲ್ಲಿ ಅದನ್ನೇ ಕೇಳ್ತಿದೀರಿ."

"ಹೊಗಳಲೂ ಬಾರದಾ? ಸರಿ." ಮೇಡಂ ರಸೀತಿ ಬರೆಯತೊಡಗಿದರು. ಒಂದು ಸಾಲು ಬರೆದು ನಿಲ್ಲಿಸಿ, ನಳಿಕೆಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಬಹಳ ಮೆಲ್ಲಗೆ ಹೇಳಿದರು: "ಛೆ. ಓರೆಯಾಗಿದೆ."

ಜೈಲಿಗೆ ಹೆದರದ ಅಜ್ಜ ಅದೊಂದು ಮಾತಿಗೆ ಕುರ್ಚಿಯಿಂದ ಎದ್ದುಬಿಟ್ಟರು. ನಾನು ಅವರ ಕೈ ಹಿಡಿದೆ. ಹಿಡಿದೆ ಎಂದರೆ, ಜೋತುಬಿದ್ದೆ. ಅವರ ಗಂಟಲಿನಿಂದ ಕುಕ್ಕರಿನ ಹಾಗೆ ಸದ್ದು ಬರುತ್ತಿತ್ತು. ಕಣ್ಣಲ್ಲಿ ನೀರು ತುಂಬಿತು. ಇನ್ನು ಹೇಳಿಯೇಬಿಡುತ್ತಾರೆ, ಅಜ್ಜನನ್ನು ಒಳಗೆ ಹಾಕುತ್ತಾರೆ, ಅಮ್ಮನಿಗೆ ನಾನು ಏನೆಂದು ಫೋನ್ ಮಾಡಲಿ ಎಂದೆಲ್ಲ ಓಡಿತು ತಲೆಯಲ್ಲಿ.

ಅಜ್ಜ ಕೂತರು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತರು.

ಮೇಡಂ ಬಂದೂಕನ್ನು ಮೇಜಿನ ಮೇಲಿಟ್ಟರು. ಆಮೇಲೆ "ಕತ್ತರಿಸಿದವರು: ತಿಳಿದುಬಂದಿಲ್ಲ" ಎಂದು ಜೋರಾಗಿ ಹೇಳುತ್ತ ಬರೆದು ಸಹಿ ಹಾಕಿದರು. ನಗು ತಡೆಯುತ್ತಿದ್ದರು ಎಂದು ನನಗೆ ಅನುಮಾನ.

ಗಂಟಲು ಕಟ್ಟಿದೆ. ಶೀತ ಇರಬೇಕು.

ಸೆಪ್ಟೆಂಬರ್ 10, ಮಂಗಳವಾರ

ಅಜ್ಜ ಯಾರ ಜೊತೆಗೂ ಮಾತಾಡುತ್ತಿಲ್ಲ. ರಸೀತಿಯನ್ನು ಓದಿಸಿ ಕೇಳಿದರು. ಅದರಲ್ಲಿ "ನಳಿಕೆಯ ತುದಿ ಓರೆ" ಎಂದೇ ಬರೆದಿದೆ. ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ. ಊಟ ಬೇಡವಂತೆ.

"ಅಪ್ಪ, ಜೈಲು ತಪ್ಪಿತಲ್ಲ, ಖುಷಿಪಡಿ" ಎಂದ ಮಾಮ.

"ಒಳಗೆ ಹಾಕಿದ್ರೂ ಚೆನ್ನಾಗಿತ್ತು" ಎಂದು ಗೋಡೆಗೆ ಹೇಳಿದರು. "ಸರ್ಕಾರದ ದಾಖಲೆಯಲ್ಲಿ ಓರೆ ಅಂತ ಆಯ್ತಲ್ಲೋ. ನೀನು ಕತ್ತರಿಸಿದ್ದಾ ಅದು, ಓರೆಯಾಗೋಕೆ?"

ಮಾಮನಿಗೆ ಸಿಟ್ಟು ಬಂದಿದೆ. ನಾಳೆ ಮಧ್ಯಾಹ್ನ ಗೊತ್ತಾಗುತ್ತದೆ.

ಕಾಲೇಜಿನಲ್ಲಿ ಇವತ್ತೂ ಬೈಸಿಕೊಂಡೆ. ಲೆಕ್ಚರರ್ ಮೌನವೂ ಒಪ್ಪಿಗೆಯೇ ಎಂದರು. ಒಪ್ಪಂದಕ್ಕೆ ಮೌನ ಸಾಲದು ಎಂದೆ. ಅವರು ಒಂದು ಉದಾಹರಣೆ ಕೊಟ್ಟರು, ನಾನೊಂದು ಕೊಟ್ಟೆ, ಅವರು ಇನ್ನೊಂದು ಕೊಟ್ಟರು. ಬೆಲ್ ಆಯಿತು. "ಸಾಕು ಕೂತ್ಕೊಳ್ರೀ, ನಾನೂ ಮನೆಗೆ ಹೋಗ್ಬೇಕು" ಎಂದರು. ಇಂಟರ್ನಲ್ ಮಾರ್ಕ್ಸು ಹೋಯಿತು ಎಂದೇ ಲೆಕ್ಕ.

ಸೆಪ್ಟೆಂಬರ್ 13, ಶುಕ್ರವಾರ

ಸೋಪು ತಂದೆ. ಲೈಬ್ರರಿ ಪುಸ್ತಕ ಹಿಂದಿರುಗಿಸಿದೆ. ನಡುವೆ ಠಾಣೆಗೆ ಹೋಗಿ ಬಂದೆ.

ಅಜ್ಜ ಮೂರು ದಿನದಿಂದ ಗಂಜಿ ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಅತ್ತೆ ಕೂಡ ಬೈಯುವುದನ್ನು ಬಿಟ್ಟಳು, ಅದಕ್ಕೇ ಹೆದರಿಕೆಯಾಯಿತು. ಅಂಗಡಿಯಿಂದ, ಮೂಲೆ ನೇರವಿದೆಯೇ ಎಂದು ನೋಡುವ ಎಲ್ ಸ್ಕೇಲ್ ತೆಗೆದುಕೊಂಡು ಹೊರಟೆ.

"ಏನಮ್ಮ, ಯಾರು ಕತ್ತರಿಸಿದ್ದು ಅಂತ ನೆನಪಾಯ್ತಾ?" ಎಂದರು ಮೇಡಂ.

"ಅದಕ್ಕಲ್ಲ ಮೇಡಂ. ವಶಪಡಿಸಿಕೊಂಡ ವಸ್ತುವಿನ ವಿವರಣೆ ಸರಿಯಾಗಿರಬೇಕು ಅಂತ ನಿಯಮ ಇದೆ. ನೀವು ಓರೆ ಅಂತ ಬರೆದಿದೀರಿ. ಅಳೆದಿಲ್ಲ. ಕಣ್ಣಳತೆಯಲ್ಲಿ ಬರೆದಿದೀರಿ."

"ಒಂದು ಪದಕ್ಕೆ ಇಷ್ಟು ದೂರ ಬಂದ್ಯಾ?"

"ಬಸ್ಸು ಇತ್ತು ಮೇಡಂ."

ಬಂದೂಕನ್ನು ತರಿಸಿದರು. ಎಲ್ ಸ್ಕೇಲ್ ಇಟ್ಟರು. ತಿರುಗಿಸಿ ಇಟ್ಟರು, ಮತ್ತೆ ತಿರುಗಿಸಿದರು. ಪೇದೆಯೂ ಬಗ್ಗಿ ನೋಡಿದ. ಕೂದಲು ತೂರುವಷ್ಟೂ ಸಂದಿ ಇರಲಿಲ್ಲ. ಮೇಡಂ ರಸೀತಿಯಲ್ಲಿ "ಓರೆ" ಹೊಡೆದುಹಾಕಿ "ನೇರ" ಎಂದು ಬರೆದರು. ನಾನು "ತಿದ್ದಿದ ಕಡೆ ಸಹಿ, ಮೇಡಂ" ಎಂದೆ. ಸಹಿ ಹಾಕಿದರು.

"ಕತ್ತರಿಸಿದವರು ಯಾರೇ ಆಗಿರಲಿ, ಅವರಿಗೆ ನನ್ನ ಅಭಿನಂದನೆ ಹೇಳಮ್ಮ."

"ಅದಕ್ಕೂ ಉತ್ತರ ಕೊಡಲ್ಲ, ಮೇಡಂ."

ಎಲ್ ಸ್ಕೇಲನ್ನು ಅಲ್ಲೇ ಮರೆತು, ಅರ್ಧ ದಾರಿಯಿಂದ ಮತ್ತೆ ಹೋಗಿ ತರಬೇಕಾಯಿತು. ನನ್ನ ತಲೆಯೇ ಸರಿಯಿಲ್ಲ.

ಮನೆಗೆ ಬಂದು ಗೋಡೆ ಕಡೆ ತಿರುಗಿದ್ದ ಬೆನ್ನಿಗೆ ರಸೀತಿ ಓದಿ ಹೇಳಿದೆ. ಅಜ್ಜ ಹೊರಳಿದರು. "ನೇರ" ಎಂಬ ಪದದ ಮೇಲೆ ನನ್ನಿಂದ ಬೆರಳಿಡಿಸಿಕೊಂಡು ಅದನ್ನು ಎರಡು ಸಲ ಸವರಿದರು. ಎದ್ದು ಕೂತು, ಅನ್ನ ಹಾಕು ಎಂದು ಅತ್ತೆಗೆ ಹೇಳಿದರು. ಅತ್ತೆ "ಈ ಹೊತ್ತಲ್ಲದ ಹೊತ್ತಲ್ಲಿ ಯಾರಪ್ಪ ಬಿಸಿ ಮಾಡ್ತಾರೆ" ಎಂದು ಬೈಯುತ್ತಲೇ ಒಲೆ ಹಚ್ಚಿದಳು.

"ಇನ್ನೊಂದು ವಿಷಯ ಅಜ್ಜ. ಅದನ್ನ ಕತ್ತರಿಸಿದವರಿಗೆ ಮೇಡಂ ಅಭಿನಂದನೆ ಹೇಳಿದ್ದಾರೆ."

ಅಜ್ಜ ನನ್ನನ್ನು ನೋಡಿದರು. ಬಾಗಿಲ ಕಡೆ ನೋಡಿದರು. ತಟ್ಟೆಯನ್ನು ಹತ್ತಿರ ಎಳೆದುಕೊಂಡರು.

"ಹೌದಾ? ಯಾರೋ ಪುಣ್ಯಾತ್ಮ," ಎಂದರು. "ಸಿಕ್ಕಿದ್ರೆ ಹೇಳ್ತೀನಿ."